ಬಾಣಸವೆರ್ಗಡೆ

ಕಲ್ಯಾಣದ ಸಿಂಹಾಸನದಲ್ಲಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಐವತ್ತು ವರ್ಷ ಮೆರೆದ ಕಾಲವದು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ಬಹುಭಾಗ ಅಂದು ‘ಬನವಾಸಿ ಹನ್ನೆರಡು ಸಾವಿರ’ ಎಂಬ ನಾಡಿನ ಒಡಲಲ್ಲಿತ್ತು. ಚಕ್ರವರ್ತಿಯ ಪರವಾಗಿ ಆ ನಾಡಿನ ಭಾರ ಹೊತ್ತವನು ದಂಡನಾಯಕ ಅನಂತಪಾಲ. ಅವನ ಕೈಕೆಳಗೆ ಗೋವಿಂದರಸನು ಬನವಾಸಿಯನ್ನು ಆಳಿದನು.

ಶಾಸನಗಳು ಈ ಅನಂತಪಾಲನನ್ನು ಮಹಾಪ್ರಧಾನನೆಂದು ಕೊಂಡಾಡುತ್ತವೆ. ಅದೇ ಉಸಿರಿನಲ್ಲಿ ‘ಬಾಣಸವೆರ್ಗಡೆ’ ಎಂದೂ ಕರೆಯುತ್ತವೆ. ಅಡುಗೆಮನೆಯೆಂಬ ಅರ್ಥದ ಸಂಸ್ಕೃತದ ಮಹಾನಸ ಕನ್ನಡಿಗರ ನಾಲಗೆಯಲ್ಲಿ ಬಾಣಸವಾಯಿತು. ಅಲ್ಲಿ ದುಡಿಯುವವನು ಬಾಣಸಿಗನಾದನು. ಪೆರ್ಗಡೆಯೆಂದರೆ ಹಿರಿಯ ಅಧಿಕಾರಿ, ಇಂದಿನ ಹೆಗ್ಗಡೆ. ದಂಡು ನಡೆಸಿ ನಾಡನ್ನಾಳಿದವನಿಗೆ ಒಲೆಯ ಮೇಲ್ವಿಚಾರಣೆಯ ಹೆಸರೂ ಭೂಷಣವಾಗಿತ್ತು. ಅರಸನು ಉಣ್ಣುವ ತುತ್ತನ್ನು ಯಾರ ಕೈಗೆ ಒಪ್ಪಿಸಿದನೋ ಅವನಿಗೆ ತನ್ನ ಪ್ರಾಣವನ್ನೇ ಒಪ್ಪಿಸಿದಂತೆ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೆಂದೇ ಒಂದು ಭಾಗ ಮೀಸಲಿಟ್ಟನು.

ಒಪ್ಪಿಸುವುದೆಂಬ ಈ ಮಾತೇ ದೂರದ ಫ್ರಾನ್ಸಿನಲ್ಲಿಯೂ ಒಲೆಯ ಬಳಿಗೆ ಬಂದಿತು. ಲ್ಯಾಟಿನ್ನಿನ ‘ಕೊಮಿತ್ತೆರೆ’ಗೆ ಒಪ್ಪಿಸು, ವಹಿಸಿಕೊಡು ಎಂಬ ಅರ್ಥವಿದೆ. ಅದರಿಂದ ಹುಟ್ಟಿದ ಫ್ರೆಂಚ್ ಪದ ‘ಕೊಮಿ’, ಕೆಲಸ ವಹಿಸಲ್ಪಟ್ಟವನು. ಕಚೇರಿಯ ಗುಮಾಸ್ತನನ್ನು ಕರೆಯುತ್ತಿದ್ದ ಆ ಹೆಸರು ಅಡುಗೆಮನೆಯ ಕಿರಿಯ ಕೈಯಾಳಿಗೂ ಸಂದಿತು. ಸೈನ್ಯದಲ್ಲಿ ಬಾಣಸಿಗನಾಗಿ ದುಡಿದಿದ್ದ ಒಗಸ್ಟ್ ಎಸ್ಕೊಫಿಯೆ (1846–1935) ಹೋಟೆಲಿನ ಅಡುಗೆಮನೆಗೆ ದಂಡಿನ ಶ್ರೇಣಿಯನ್ನು ತಂದಾಗ, ಕೊಮಿಗೂ ಅಲ್ಲಿ ನೆಲೆ ದೊರೆಯಿತು. ಇಂದು ನಮ್ಮ ಮಕ್ಕಳೂ ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿತು ಅದೇ ಹೆಸರಿನಲ್ಲಿ ಕೆಲಸಕ್ಕೆ ಸೇರುತ್ತಾರೆ.

ಅನಂತಪಾಲನ ಬಾಣಸದಲ್ಲಿ ಖಾರವೆಂದರೆ ಕಾಳುಮೆಣಸು. ಬ್ಯಾಡಗಿಗೆ ಕೀರ್ತಿ ತಂದ ಕೆಂಪು ಮೆಣಸಿನಕಾಯಿ, ಪೋರ್ಚುಗೀಸರು ಕಡಲು ದಾಟಿ ಬಂದ ಮೇಲೆ ಈ ಮಣ್ಣಿಗಿಳಿದ ಬೆಳೆ. ಒಲೆಯ ಮೇಲಿನ ರುಚಿ ಬದಲಾಯಿತು, ಸಿಂಹಾಸನಗಳು ಉರುಳಿದವು. ಆದರೆ ಹಾವೇರಿಯ ಖಾನಾವಳಿಯಲ್ಲಿ ನಸುಕಿಗೆ ಎದ್ದು ಹಿಟ್ಟು ನಾದಿ, ರೊಟ್ಟಿ ಬಡಿಯುವ ತಾಯಿಯ ಕೈಗೆ ಊರು ಇಂದಿಗೂ ತನ್ನ ತುತ್ತನ್ನು ಒಪ್ಪಿಸುತ್ತದೆ. ಒಂದು ಕಾಲದಲ್ಲಿ ಮಹಾಪ್ರಧಾನನ ಬಿರುದಾಗಿದ್ದ ಗೌರವ ಆಕೆಗೂ ಸಲ್ಲಬೇಕು.