ಹರಿದ ಕಾಗದದ ಅಕ್ಷರಗಳು

ಹಳೆಯ ದಿನಪತ್ರಿಕೆಯ ಒಂದು ಹಾಳೆಯನ್ನು ತೆಗೆದುಕೊಳ್ಳಿ. ಅದನ್ನು ಮೇಲಿನಿಂದ ಕೆಳಕ್ಕೆ, ಅಂಕಣದ ಉದ್ದಕ್ಕೆ ಹರಿಯಿರಿ. ಅಂಚು ಬಹುಮಟ್ಟಿಗೆ ನೇರವಾಗಿ ಬರುತ್ತದೆ. ಈಗ ಅಡ್ಡಲಾಗಿ ಹರಿಯಿರಿ. ಎಷ್ಟು ಎಚ್ಚರ ವಹಿಸಿದರೂ ಅಂಚು ಸೊಟ್ಟಪಟ್ಟಾಗುತ್ತದೆ. ಕಾಗದದ ಯಂತ್ರದಲ್ಲಿ ತೆಳುವಾದ ತಿರುಳು ಚಲಿಸುವ ಜಾಲರಿಯ ಮೇಲೆ ಬೀಳುವಾಗ ಅದರಲ್ಲಿನ ಎಳೆಗಳಲ್ಲಿ ಹೆಚ್ಚಿನವು ಚಲನೆಯ ದಿಕ್ಕಿಗೆ ಮಲಗುತ್ತವೆ. ಎಳೆಗಳ ಗುಂಟ ಸೀಳುವುದು ಸುಲಭ. ಅವುಗಳಿಗೆ ಅಡ್ಡವಾಗಿ ಸೀಳುವುದು ಕಷ್ಟ.

ಹೀಗೆ ಹರಿದ ಕಾಗದದಿಂದಲೇ ಅಕ್ಷರಗಳನ್ನೂ ಆಕೃತಿಗಳನ್ನೂ ರೂಪಿಸಿ ಮುದ್ರಣ ವಿನ್ಯಾಸದಲ್ಲಿ ಹೆಸರಾದವರು ವಿಲೆಮ್ ಸ್ಯಾಂಡ್‌ಬರ್ಗ್ (1897-1984). ಅವರು ನೆದರ್ಲೆಂಡ್ಸಿನ ಆಮ್ಸ್ಟರ್‌ಡ್ಯಾಮ್ ನಗರದ ಸ್ಟೆಡೆಲಿಕ್ ಕಲಾ ಸಂಗ್ರಹಾಲಯದಲ್ಲಿ ಕ್ಯುರೇಟರ್ ಆಗಿದ್ದವರು. ಕಾಗದ ಮತ್ತು ಶಾಯಿಯ ಬಗೆಗಿನ ಅವರ ತಿಳಿವಳಿಕೆ ಒಂದು ಕಾಲದಲ್ಲಿ ಜನರ ಪ್ರಾಣ ಉಳಿಸಲು ಬಳಕೆಯಾಯಿತು. ಆ ಕಥೆ ವಿಜ್ಞಾನದ ವಿದ್ಯಾರ್ಥಿಗಳಿಗೂ ತಿಳಿದಿರಬೇಕು.

ಚಿತ್ರಗಳಲ್ಲಿ ಅಂಕಿಅಂಶ

1927ರಲ್ಲಿ ಸ್ಯಾಂಡ್‌ಬರ್ಗ್ ವಿಯೆನ್ನಾ ನಗರಕ್ಕೆ ಹೋಗಿ ಆಟೊ ನಾಯ್ರಾಟ್ ಅವರ ಚಿತ್ರಾಂಕ ಪದ್ಧತಿಯನ್ನು ಕಲಿತರು. ಇದರಲ್ಲಿ ಒಂದು ಆಕೃತಿ ಒಂದು ನಿಶ್ಚಿತ ಪ್ರಮಾಣವನ್ನು ಸೂಚಿಸುತ್ತದೆ. ಪ್ರಮಾಣ ಹೆಚ್ಚಿದರೆ ಆಕೃತಿಯನ್ನು ದೊಡ್ಡದು ಮಾಡದೆ, ಆಕೃತಿಗಳ ಸಂಖ್ಯೆಯನ್ನು ಹೆಚ್ಚಿಸಬೇಕು. ಕಾರಣ ಸರಳ. ಆಕೃತಿಯ ಎತ್ತರವನ್ನು ಎರಡು ಪಟ್ಟು ಮಾಡಿದರೆ ಅಗಲವೂ ಅಷ್ಟೇ ಬೆಳೆದು ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ಕಣ್ಣು ಮೋಸಹೋಗುತ್ತದೆ. ಓದು ಬಾರದವರಿಗೂ ಅಂಕಿಅಂಶ ಅರ್ಥವಾಗಬೇಕೆಂಬುದು ಈ ಪದ್ಧತಿಯ ಆಶಯ. ಸ್ಯಾಂಡ್‌ಬರ್ಗ್ ಅದನ್ನು ತಮ್ಮ ಕೆಲಸದಲ್ಲಿ ಬಳಸಿದರು.

ನಕಲಿಗೆ ಸವಾಲಾದ ಚೀಟಿ

1940ರ ಮೇ ತಿಂಗಳಲ್ಲಿ ಜರ್ಮನಿಯ ನಾಜಿ ಸೇನೆ ನೆದರ್ಲೆಂಡ್ಸನ್ನು ಆಕ್ರಮಿಸಿತು. ಮರುವರ್ಷ ಅಲ್ಲಿ ಹೊಸ ಗುರುತಿನ ಚೀಟಿ ಜಾರಿಗೆ ಬಂತು. ಅದನ್ನು ರೂಪಿಸಿದವರು ಯಾಕೊಬ್ ಲೆಂಟ್ಸ್ ಎಂಬ ಡಚ್ ಅಧಿಕಾರಿ. ಚೀಟಿಯಲ್ಲಿ ಭಾವಚಿತ್ರ ಮತ್ತು ಬೆರಳಚ್ಚು ಇದ್ದವು. ಕಾಗದದಲ್ಲಿ ವಾಟರ್‌ಮಾರ್ಕ್ ಇತ್ತು. ವಾಟರ್‌ಮಾರ್ಕ್ ಎಂದರೆ ಕಾಗದದ ದಪ್ಪದಲ್ಲಿನ ಸಣ್ಣ ವ್ಯತ್ಯಾಸ. ಬೆಳಕಿಗೆ ಹಿಡಿದಾಗ ತೆಳುವಾದ ಭಾಗ ಹೆಚ್ಚು ಬೆಳಕನ್ನು ದಾಟಿಸುವುದರಿಂದ ಗುರುತು ಕಾಣಿಸುತ್ತದೆ. ಶಾಯಿ ಅಸಲಿಯೇ ಎಂಬುದನ್ನು ಕ್ವಾರ್ಟ್ಸ್ ದೀಪದ ನೇರಳಾತೀತ ಕಿರಣಗಳಲ್ಲಿ ಪರೀಕ್ಷಿಸಬಹುದಾಗಿತ್ತು. ಯೆಹೂದಿಗಳ ಚೀಟಿಯ ಮೇಲೆ ದೊಡ್ಡದಾಗಿ ‘ಜೆ’ ಅಕ್ಷರ ಒತ್ತಲಾಗುತ್ತಿತ್ತು. ಆ ಅಕ್ಷರವಿದ್ದವರನ್ನು ಹುಡುಕಿ ಸಾವಿನ ಶಿಬಿರಗಳಿಗೆ ಸಾಗಿಸುವುದು ಸುಲಭವಾಯಿತು.

ಸ್ಯಾಂಡ್‌ಬರ್ಗ್ ಮತ್ತು ಅವರ ಕಲಾವಿದ ಗೆಳೆಯರು ನಕಲಿ ಚೀಟಿಗಳನ್ನು ತಯಾರಿಸತೊಡಗಿದರು. ಮುದ್ರಕ ಫ್ರಾನ್ಸ್ ಡುವಾರ್ ಇಂಥ ಹತ್ತಾರು ಸಾವಿರ ಚೀಟಿಗಳನ್ನು ಗುಟ್ಟಾಗಿ ಅಚ್ಚು ಹಾಕಿದರು. ಆದರೆ ಇನ್ನೊಂದು ತೊಡಕಿತ್ತು. ನಕಲು ಎಷ್ಟೇ ಚೆನ್ನಾಗಿದ್ದರೂ ಅದನ್ನು ನಗರದ ಜನಸಂಖ್ಯಾ ದಾಖಲೆಯೊಡನೆ ಹೋಲಿಸಿದರೆ ಸುಳ್ಳು ಬಯಲಾಗುತ್ತಿತ್ತು. ಹಾಗಾಗಿ ಮೂಲ ದಾಖಲೆಯನ್ನೇ ನಾಶಪಡಿಸುವ ಯೋಜನೆ ಸಿದ್ಧವಾಯಿತು. 1943ರ ಮಾರ್ಚ್ 27ರ ರಾತ್ರಿ ಪೊಲೀಸರ ವೇಷದಲ್ಲಿ ಆಮ್ಸ್ಟರ್‌ಡ್ಯಾಮ್ ದಾಖಲೆ ಕಚೇರಿಗೆ ನುಗ್ಗಿದ ತಂಡ, ಕಾವಲುಗಾರರಿಗೆ ಮತ್ತುಬರುವ ಚುಚ್ಚುಮದ್ದು ಕೊಟ್ಟು ಹೊರಗೆ ಸಾಗಿಸಿ, ಬಾಂಬುಗಳನ್ನು ಸಿಡಿಸಿತು. ದಾಖಲೆಗಳಲ್ಲಿ ಸುಮಾರು ಶೇ. 15ರಷ್ಟು ನಾಶವಾದವು. ಆ ವರ್ಷದ ಜುಲೈ 1ರಂದು ಈ ಗುಂಪಿನ 12 ಮಂದಿಯನ್ನು ಗುಂಡಿಟ್ಟು ಕೊಲ್ಲಲಾಯಿತು. ಡುವಾರ್ ಕೂಡ 1944ರ ಜೂನ್‌ನಲ್ಲಿ ಹಾಗೆಯೇ ಹತರಾದರು. ಯೋಜನೆಯಲ್ಲಿ ಪಾಲುಗೊಂಡಿದ್ದ ಸ್ಯಾಂಡ್‌ಬರ್ಗ್ ಮಾತ್ರ ತಪ್ಪಿಸಿಕೊಂಡು, ಬೇರೆ ಹೆಸರಿನಲ್ಲಿ ದೇಶದ ದಕ್ಷಿಣ ಭಾಗದಲ್ಲಿ ಅಡಗಿದರು.

ಅಜ್ಞಾತವಾಸದ ಪ್ರಯೋಗಗಳು

ಅಡಗಿದ್ದ ದಿನಗಳಲ್ಲಿ, 1943ರಿಂದ 1945ರವರೆಗೆ, ಅವರು ಕೈಯಿಂದಲೇ ಪುಟ್ಟ ಪುಸ್ತಿಕೆಗಳ ಒಂದು ಮಾಲೆಯನ್ನು ತಯಾರಿಸಿದರು. ಅದಕ್ಕೆ ಕೊಟ್ಟ ಹೆಸರು ‘ಎಕ್ಸ್‌ಪೆರಿಮೆಂಟಾ ಟೈಪೊಗ್ರಾಫಿಕಾ’, ಅಂದರೆ ಅಕ್ಷರ ವಿನ್ಯಾಸದ ಪ್ರಯೋಗಗಳು. ಅಚ್ಚುಮೊಳೆಗಳಿಲ್ಲ, ಯಂತ್ರವಿಲ್ಲ. ಇದ್ದದ್ದು ಕೈಬರಹ, ಬಣ್ಣ, ಕತ್ತರಿಸಿದ ಮತ್ತು ಹರಿದ ಕಾಗದ. ಸೀಸದ ಮೊಳೆಗಳನ್ನು ಚೌಕಟ್ಟಿನಲ್ಲಿ ಬಿಗಿಯಬೇಕಾದುದರಿಂದ ಸಾಲುಗಳು ನೇರವಾಗಿಯೇ ಇರಬೇಕಾಗುತ್ತಿತ್ತು. ಆ ಬಂಧನ ಕಳಚಿದಾಗ ಅಕ್ಷರದ ಗಾತ್ರ, ದಿಕ್ಕು, ಸುತ್ತಲಿನ ಖಾಲಿ ಜಾಗ ಇವೆಲ್ಲ ಬದಲಾಯಿಸಿ ನೋಡಬಹುದಾದ ಅಂಶಗಳಾದವು. ಒಂದನ್ನು ಬದಲಿಸಿ ಅರ್ಥ ಹೇಗೆ ಬದಲಾಗುತ್ತದೆಂದು ಗಮನಿಸುವುದು ಪ್ರಯೋಗಶಾಲೆಯ ಕ್ರಮವೇ ಅಲ್ಲವೇ?

ಯುದ್ಧ ಮುಗಿದ ಮೇಲೆ, 1945ರಿಂದ 1962ರವರೆಗೆ, ಅವರು ಸ್ಟೆಡೆಲಿಕ್ ಸಂಗ್ರಹಾಲಯದ ನಿರ್ದೇಶಕರಾಗಿದ್ದರು. ಆಡಳಿತದ ಜೊತೆಗೆ ನೂರಾರು ಭಿತ್ತಿಪತ್ರಗಳನ್ನೂ ಪ್ರದರ್ಶನ ಪುಸ್ತಿಕೆಗಳನ್ನೂ ತಾವೇ ವಿನ್ಯಾಸಗೊಳಿಸಿದರು. ಪೊಟ್ಟಣ ಕಟ್ಟುವ ಒರಟು ಕಂದು ಕಾಗದ ಅವರಿಗೆ ಪ್ರಿಯವಾಗಿತ್ತು. ಸಾಲುಗಳ ಬಲ ಅಂಚನ್ನು ಸಮಗೊಳಿಸದೆ ಹಾಗೆಯೇ ಬಿಡುತ್ತಿದ್ದರು. ಅಂಚನ್ನು ಸಮಗೊಳಿಸಲು ಪದಗಳ ನಡುವಿನ ತೆರಪನ್ನು ಒಂದು ಸಾಲಿನಲ್ಲಿ ಹಿಗ್ಗಿಸಿ ಇನ್ನೊಂದರಲ್ಲಿ ಕುಗ್ಗಿಸಬೇಕು. ಹಾಗೆ ಬಿಟ್ಟರೆ ತೆರಪು ಎಲ್ಲೆಡೆ ಒಂದೇ ಸಮನಾಗಿರುತ್ತದೆ. 1975ರಲ್ಲಿ ಅವರಿಗೆ ಎರಾಸ್ಮಸ್ ಪ್ರಶಸ್ತಿ ಸಂದಿತು.

ನೆದರ್ಲೆಂಡ್ಸಿನ ಸುಮಾರು 1,40,000 ಯೆಹೂದಿಗಳಲ್ಲಿ 1,00,000ಕ್ಕೂ ಹೆಚ್ಚು ಮಂದಿ ಹತರಾದರು. ಲೆಂಟ್ಸ್ ಮತ್ತು ಸ್ಯಾಂಡ್‌ಬರ್ಗ್ ಇಬ್ಬರ ಕೈಯಲ್ಲೂ ಇದ್ದದ್ದು ಕಾಗದ, ಶಾಯಿ ಮತ್ತು ಅಕ್ಷರಗಳೇ. ಇಬ್ಬರೂ ತಮ್ಮ ವಿದ್ಯೆಯಲ್ಲಿ ನಿಪುಣರೇ. ತಾನು ಮಾಡುತ್ತಿರುವ ಕೆಲಸ ಯಾರ ಕೈ ಸೇರುತ್ತದೆ, ಯಾರಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಒಬ್ಬರು ಕೇಳಿಕೊಂಡರು, ಇನ್ನೊಬ್ಬರು ಕೇಳಿಕೊಳ್ಳಲಿಲ್ಲ. ಅಧ್ಯಾಪಕರು ತರಗತಿಯಲ್ಲಿ ಕಾಗದ ಹರಿಯುವ ಪ್ರಯೋಗ ಮಾಡಿಸುವಾಗ ಈ ಪ್ರಶ್ನೆಯನ್ನೂ ಮಕ್ಕಳ ಮುಂದಿಡಬಹುದು.