ಅಲಗಿನ ಹದ

ಚೂಪು ಬೇರೆ, ಹದ ಬೇರೆ. ಮೂಡಲಗಿ, ಗೋಕಾಕ, ಹುಕ್ಕೇರಿ ಕಡೆಯ ಕುಲುಮೆಗಳಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಹೇಳಬೇಕೆಂದು ಅವರಿಗೆ ಅನ್ನಿಸುವುದೂ ಇಲ್ಲ. ಕುಡಗೋಲು ಮೊಂಡಾದರೆ ಸಾಣಿ ಹಿಡಿಸಿದರಾಯಿತು. ಸಾಣಿ ಹಿಡಿಸಿದ ಮರುದಿನವೇ ಮತ್ತೆ ಮೊಂಡಾದರೆ, ಇಲ್ಲವೆ ಬಾಯಿ ಚಕ್ಕೆಯೆದ್ದರೆ, "ಹದಾ ಹೋಗೇತಿ" ಅನ್ನುತ್ತಾರೆ. ಆಗ ಅದನ್ನು ಹಣಿಸಲು ಕಂಬಾರನ ಹತ್ತಿರವೇ ಒಯ್ಯಬೇಕು. ನಿಘಂಟು ತೆಗೆದರೆ ‘ಹದ’ದ ಮುಂದೆ ತಕ್ಕ ಸ್ಥಿತಿ, ಪಾಕ, ಹರಿತ ಎಂದೆಲ್ಲ ಅರ್ಥಗಳಿವೆ. ಆ ‘ಹರಿತ’ದ ಮೇಲೆ ನನ್ನದೊಂದು ತಕರಾರು.

ಮೊದಲು ಶಬ್ದದ ಹಾದಿ ನೋಡೋಣ. ಹಳಗನ್ನಡದಲ್ಲಿ ಇದು ಪದ, ಪದನ್. ಹತ್ತನೆಯ ಶತಮಾನದ ಆಸುಪಾಸಿನಿಂದ ಪಕಾರ ಹಕಾರಕ್ಕೆ ತಿರುಗುತ್ತ ಹೋಗಿ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪದ ಹದವಾಯಿತು. ಅದೇ ಉಚ್ಚಾರದ ಸಂಸ್ಕೃತದ ಪದ ಮಾತ್ರ ಕದಲಲಿಲ್ಲ. ಹೆಜ್ಜೆ, ಮಾತು, ಹಾಡು ಎಂಬ ಅರ್ಥಗಳನ್ನು ಹೊತ್ತು ಪದವಾಗಿಯೇ ಉಳಿಯಿತು. ಮೂಡಲಗಿ ತಾಲೂಕಿನ ಕುಲಗೋಡ, ಶ್ರೀಕೃಷ್ಣ ಪಾರಿಜಾತದ ಆಟ ಕಟ್ಟಿದ ತಮ್ಮಣ್ಣನ ಊರು. ಅಲ್ಲಿ ಹಾಡುವುದು ಪದ, ಪಕ್ಕದ ಓಣಿಯ ಕುಲುಮೆಯಲ್ಲಿ ಕಬ್ಬಿಣಕ್ಕೆ ಕೊಡುವುದು ಹದ. ಸಾವಿರ ವರ್ಷದ ಹಿಂದೆ ಬಂದಿದ್ದರೆ ಎರಡೂ ಒಂದೇ ಸದ್ದಿನಲ್ಲಿ ಕೇಳುತ್ತಿದ್ದವು. ಪಕಾರ ಬದಲಾದದ್ದು ಕನ್ನಡಕ್ಕೆ ಇಷ್ಟಾದರೂ ಉಪಕಾರ ಮಾಡಿತು.

ಕುಮಾರವ್ಯಾಸನಲ್ಲಿ ‘ಹದನ’ ಮತ್ತೆ ಮತ್ತೆ ಬರುತ್ತದೆ, ಆದರೆ ಅಲ್ಲಿ ಅದರ ಅರ್ಥ ಸಂಗತಿ, ಪರಿಸ್ಥಿತಿ. ನಮ್ಮ ತಲೆಮಾರಿಗೆ ಆ ಅರ್ಥ ಕಳೆದೇಹೋಗಿದೆ. ತಮಿಳಿನ ‘ಪದಂ’ ಬೆಲ್ಲದ ಪಾಕದಲ್ಲಿ, ಅನ್ನದ ಅಗುಳಿನಲ್ಲಿ ಉಳಿದುಕೊಂಡಿದೆ. ತೆಲುಗಿನ ‘ಪದುನು’ ಬಿತ್ತುವ ನೆಲದ ತೇವಕ್ಕೂ ಉಂಟು, ಕತ್ತಿಯ ಬಾಯಿಗೂ ಉಂಟು. ಇವತ್ತು ತೆಲುಗಿನಲ್ಲಿ ಪದುನು ಅಂದೊಡನೆ ಕತ್ತಿಯ ಹರಿತವೇ ನೆನಪಿಗೆ ಬರುತ್ತದೆ. ನಿಘಂಟುಕಾರರು ಕನ್ನಡಕ್ಕೂ ಆ ಅರ್ಥವನ್ನು ಕೊಟ್ಟದ್ದು ಸುಳ್ಳೆನ್ನಲಾರೆ. ಆದರೆ ಕುಲುಮೆಯವರ ಮಾತು ಅಷ್ಟು ಸಡಿಲವಲ್ಲ.

ಈ ಭಾಗದ ಬದುಕಿನಲ್ಲಿ ಹದವಿಲ್ಲದ ಕೆಲಸ ಹುಡುಕಬೇಕು. ಹದ ನೋಡಿ ಹರಗು, ಬೆದೆ ನೋಡಿ ಬಿತ್ತು ಎನ್ನುವುದು ಗಾದೆ. ಎರಿ ಭೂಮಿ ಹೆಚ್ಚು ಹಸಿಯಿದ್ದಾಗ ಕುಂಟಿ ಹೊಡೆದರೆ ಮಣ್ಣು ಕುಂಟಿಗೇ ಮೆತ್ತಿಕೊಳ್ಳುತ್ತದೆ, ಒಣಗಿದ ಮೇಲೆ ಹೊಡೆದರೆ ಹೆಂಟೆ ಏಳುತ್ತದೆ. ನಡುವಿನ ಒಂದೆರಡು ದಿನವೇ ಹದ. ಗೋಕಾಕದ ಕರದಂಟಿಗೂ ಅದೇ ಕಾಯಿದೆ. ತುಪ್ಪದಲ್ಲಿ ಅಂಟು ಕರಿಯುವುದು ಯಾರಿಗೂ ಬಂದೀತು. ಬೆಲ್ಲದ ಪಾಕ ಎಳೆಯದಾದರೆ ತುಂಡು ನಿಲ್ಲದು, ಮೀರಿದರೆ ಹಲ್ಲು ಉಳಿಯದು. ಚರ್ಮ ಹದ ಮಾಡುವವರಿಗೂ ಇದೇ ಮಾತು. ಮಣ್ಣು, ಬೆಲ್ಲ, ತೊಗಲು, ಕಬ್ಬಿಣ ನಾಲ್ಕಕ್ಕೂ ಒಂದೇ ಶಬ್ದ ಒಪ್ಪುವುದಕ್ಕೆ ಕಾರಣವಿದೆ. ಹದವೆಂಬುದು ವಸ್ತುವಿನ ಗುಣವಲ್ಲ, ಅದು ಹಾದುಹೋಗುವ ಒಂದು ಗಳಿಗೆ. ಹಿಡಿದು ನಿಲ್ಲಿಸಿದವನಿಗೆ ಅದು ದಕ್ಕುತ್ತದೆ.

ಕಬ್ಬಿಣದಲ್ಲಿ ಆ ಗಳಿಗೆಯನ್ನು ಕಣ್ಣಿಂದಲೇ ನೋಡಬಹುದು. ಹಳೆಯ ಗಾಡಿಯ ಪಾಟಾ, ಅಂದರೆ ಸ್ಪ್ರಿಂಗಿನ ಪಟ್ಟಿ, ಈಗ ಕಂಬಾರರ ಮೆಚ್ಚಿನ ಸರಕು. ಅದರಲ್ಲಿ ಇಂಗಾಲ ಸುಮಾರು ಶೇಕಡಾ 0.6ರಷ್ಟಿದ್ದು, ಒಳ್ಳೆಯ ಅಲಗಿಗೆ ಬೇಕಾದ ಗಟ್ಟಿತನ ಬರುತ್ತದೆ. ಬಡಿದು ಆಕಾರ ತಂದ ಅಲಗನ್ನು ಕೆಂಪಗೆ ಕಾಸಿ, ಬಾಯಿಯನ್ನಷ್ಟೇ ಚೊಂಯ್ ಎಂದು ನೀರಿಗೆ ಅದ್ದಿ ತೆಗೆಯುತ್ತಾರೆ. ಈಗ ಬಾಯಿ ಗಾಜಿನಷ್ಟು ಗಡಸು, ಗಾಜಿನಂತೆಯೇ ಒಡೆಯುವಂಥದು. ಬೆನ್ನು ಇನ್ನೂ ಸುಡುತ್ತಿರುತ್ತದೆ. ಒಡೆದ ಸಾಣೆಕಲ್ಲಿನ ಚೂರಿನಿಂದ ಅಲಗನ್ನು ಗಸಗಸ ತಿಕ್ಕಿದರೆ ಬಿಳಿ ಲೋಹ ಹೊಳೆಯುತ್ತದೆ, ಆ ಹೊಳಪಿನ ಮೇಲೆ ಬೆನ್ನಿನ ಕಾವು ಬಣ್ಣವಾಗಿ ಬಾಯಿಯ ಕಡೆ ಸರಿಯತೊಡಗುತ್ತದೆ. ಮುಂದೆ ಒಣಹುಲ್ಲಿನ ಹಳದಿ, ಅದರ ಹಿಂದೆ ಕಂದು, ನೇರಳೆ, ಕೊನೆಗೆ ನೀಲಿ. ಹಳದಿಗೆ ಸುಮಾರು 220 ಡಿಗ್ರಿ, ನೀಲಿಗೆ 300ರ ಆಸುಪಾಸು. ಬೇಕಾದ ಬಣ್ಣ ಬಾಯಿಗೆ ಮುಟ್ಟಿದೊಡನೆ ಇಡೀ ಅಲಗು ನೀರಿಗೆ. ಅರೆಗಳಿಗೆ ತಡವಾದರೆ ನೀಲಿ ಬಂದು ಬಾಯಿ ಮೆತ್ತಗಾಯಿತು, ಮತ್ತೆ ಕುಲುಮೆಗೆ ಹಾಕಬೇಕು. ಹೀಗೆ ಬಂದದ್ದು ಹದ. ಸಾಣೆ ಬರುವುದು ಇದೆಲ್ಲ ಮುಗಿದ ಮೇಲೆ. ಹರಿತವನ್ನು ಕೊಡುವುದು ಸಾಣೆ, ಅದನ್ನು ಉಳಿಸಿಕೊಳ್ಳುವುದು ಹದ. ನನ್ನ ತಕರಾರು ಇಷ್ಟೇ.

ಬಣ್ಣ ಸರಿಯುವ ಆ ಗಳಿಗೆಯನ್ನು ಕ್ಯಾಮೆರಾದಲ್ಲಿ ಹಿಡಿಯಹೋದರೆ ಕಂಬಾರನಿಗೂ ಫೋಟೋದವನಿಗೂ ಬೆಳಕಿನ ವಿಷಯದಲ್ಲಿ ಜಗಳ. ಕಾದ ಕಬ್ಬಿಣದ ಕೆಂಪನ್ನು ಅಳೆಯಲು ಕಂಬಾರನಿಗೆ ಕತ್ತಲು ಬೇಕು. ಬಿಸಿಲಲ್ಲಿ ಎಲ್ಲ ಕೆಂಪೂ ಒಂದೇ. ಕುಲುಮೆಗೆ ಕಿಟಕಿ ಕಡಿಮೆಯಿರುವುದು ಬಡತನಕ್ಕಷ್ಟೇ ಅಲ್ಲ. ಮೇಲಾಗಿ ಆ ಹಳದಿ, ನೀಲಿ ಹಚ್ಚಿದ ಬಣ್ಣಗಳಲ್ಲ. ಲೋಹದ ಮೇಲೆ ಕಟ್ಟುವ ಬಲು ತೆಳ್ಳಗಿನ ಆಕ್ಸೈಡಿನ ಪೊರೆಯಲ್ಲಿ ಬೆಳಕು ಆಡುವ ಆಟ ಅದು. ಫ್ಲ್ಯಾಶ್ ನೇರ ಹೊಡೆದರೆ ಎಲ್ಲ ಬಿಳಿಚಿಕೊಳ್ಳುತ್ತದೆ. ಬಿಳಿ ಧೋತರವನ್ನು ಅಡ್ಡ ಕಟ್ಟಿ ಬೆಳಕನ್ನು ಸೋಸಿ ಬಿಟ್ಟರೆ ಬಣ್ಣ ಸಿಗುತ್ತದೆ.

ಹೊಳಪು ಕೊಟ್ಟ ಅಲಗಂತೂ ಇನ್ನೂ ತುಂಟ. ಅದರ ಚಿತ್ರ ತೆಗೆದೆನೆಂದುಕೊಂಡರೆ ಬಂದಿರುವುದು ಮಾಳಿಗೆಯ ಜಂತಿ, ನಮ್ಮದೇ ಅಂಗಿ. ಹಾಗಾಗಿ ಅಲಗಿಗೆ ಏನು ಕಾಣಬೇಕೋ ಅದನ್ನು ಅದರ ಎದುರಿಗೆ ಇಡಬೇಕು, ಮೇಲೆ ಬಿಳಿ ಬಟ್ಟೆ, ಒಂದು ಮಗ್ಗುಲಿಗೆ ಕರಿ ಕಾಗದ. ಆಗ ಬೆನ್ನಿನಿಂದ ಬಾಯಿಗೆ ಇಳಿಯುವ ಇಳಿಜಾರು ಗೆರೆಯಾಗಿ ಮೂಡುತ್ತದೆ. ಬಾಯಿ ಮಾತ್ರ ಸಿಗುವುದಿಲ್ಲ. ಸರಿಯಾಗಿ ಮಸೆದ ಅಂಚು ಬೆಳಕನ್ನು ಹಿಂದಕ್ಕೆ ಕಳಿಸುವಷ್ಟು ಅಗಲವಿರುವುದಿಲ್ಲ. ಅಂಚಿನಲ್ಲಿ ಎಲ್ಲಾದರೂ ಬಿಳಿ ಚುಕ್ಕೆ ಮಿನುಗಿದರೆ ಅಲ್ಲಿ ಮೊಂಡು ಎಂದೇ ತಿಳಿಯಬೇಕು.

ಕಲಾಚೂರಿಗಳನ್ನು ಕೈಯಿಂದ ಮಾಡಿ ಮಾರುವ ಇಂದಿನ ಕುಶಲಿಗಳು ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬೆಸೆದು, ಆಮ್ಲದಲ್ಲಿ ಅದ್ದಿ ಅಲೆಯಲೆಯ ವಿನ್ಯಾಸ ತೆಗೆಯುತ್ತಾರೆ. ನಿಕ್ಕಲ್ ಇರುವ ಪದರ ಬೆಳ್ಳಗೆ ಉಳಿಯುತ್ತದೆ, ಇನ್ನೊಂದು ಕಪ್ಪಾಗುತ್ತದೆ. ಇಂಥ ಅಲಗಿಗೆ ಹೇಳುವ ‘ಡಮಾಸ್ಕಸ್’ ಎಂಬ ಹೆಸರಿನ ಹಿಂದೆ ನಮ್ಮ ದಕ್ಷಿಣದ ಮೂಸೆ ಉಕ್ಕಿನ ನೆನಪಿದೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪ್ರಬಂಧದಿಂದ ಆ ಉಕ್ಕಿನ ‘ವೂಟ್ಜ್’ ಎಂಬ ಹೆಸರು ಹರಡಿತು. ಕನ್ನಡದ ಉಕ್ಕೇ ಹೀಗೆ ವೇಷ ಬದಲಿಸಿತೆಂದು ಬಹಳ ಜನ ವಿದ್ವಾಂಸರು ಒಪ್ಪುತ್ತಾರೆ. ಉಕ್ಕು ಕಡಲು ದಾಟಿ ಹೆಸರು ಮಾಡಿತು, ಹದ ಊರು ಬಿಟ್ಟು ಹೋಗಲಿಲ್ಲ. ಕನ್ನಡನಾಡಿನ ಕಲಾಚೂರಿ ನೋಡಬೇಕೆಂದರೆ ಕೊಡವರು ಸೊಂಟದ ಚೇಲೆಗೆ ಸಿಕ್ಕಿಸುವ ಪೀಚೆಕತ್ತಿ ಇದೆ. ಅದರ ಬೆಳ್ಳಿ ಕುಸುರಿಯ ಚಿತ್ರಗಳು ಬೇಕಾದಷ್ಟು. ಅಲಗನ್ನು ಒರೆಯಿಂದ ಹಿರಿದು ತೆಗೆದ ಚಿತ್ರಗಳು ಅಪರೂಪ. ನಮ್ಮ ಕಡೆ ಖಂಡೇನವಮಿಯ ದಿನ ಕೊಡ್ಲಿ, ಕುಡಗೋಲು, ಈಳಿಗಿ ಎಲ್ಲ ತೊಳೆದು ಸಾಲಾಗಿ ಇಡುತ್ತಾರೆ, ಆದರೆ ಅವತ್ತು ಅಲಗಿನ ತುಂಬ ವಿಭೂತಿ, ಚೆಂಡುಹೂವು.

ಹದ ಕೊಡುವವನ ಹೆಸರೂ ಹಳೆಯದೇ. ವೇದದ ಕರ್ಮಾರ ಪಾಲಿಯಲ್ಲಿ ಕಮ್ಮಾರನಾದ. ಬುದ್ಧನಿಗೆ ಕಡೆಯ ಊಟ ಬಡಿಸಿದ ಚುಂದ ಕಮ್ಮಾರನ ಮಗ. ತೆಂಕಣ ಕನ್ನಡ ಆ ರೂಪವನ್ನೇ ಇಟ್ಟುಕೊಂಡಿತು, ಬಡಗಣದಲ್ಲಿ ಅದು ಕಂಬಾರ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಆ ಹೆಸರನ್ನು 2010ರ ಜ್ಞಾನಪೀಠದವರೆಗೆ ಒಯ್ದರು.

ಈಗ ಚೂರಿ ಮಾಡುವವರ ನಡುವೆ ರಾಕ್‌ವೆಲ್ ಮಾಪನದ ಮಾತು ನಡೆಯುತ್ತದೆ. 58ರಿಂದ 62 ಇದ್ದರೆ ಬಾಯಿ ಚೆನ್ನಾಗಿ ನಿಲ್ಲುತ್ತದೆಂದು ಲೆಕ್ಕ. ಲೆಕ್ಕ ಸರಿಯೇ, ಆದರೆ ಆ ಅಂಕಿ ಹೇಳುವುದು ಗಡಸುತನವನ್ನು ಮಾತ್ರ. ಕೆಳಗೆ ಬಿದ್ದರೆ ಅಲಗು ಒಡೆದೀತೋ ಇಲ್ಲವೋ ಎಂಬುದಕ್ಕೆ ಬೇರೆ ಪರೀಕ್ಷೆ ಬೇಕು. ಹದದಲ್ಲಿ ಎರಡೂ ಸೇರಿವೆ. ಅಷ್ಟು ದುಡಿಯುವ ಶಬ್ದವನ್ನು ನಾವು ಪತ್ರಿಕೆಯವರು ಬಳಸುವುದು ಕೆಡುಕಿಗೆ ಮಾತ್ರ. ರಸ್ತೆ ಹದಗೆಟ್ಟಿತು, ಆರೋಗ್ಯ ಹದಗೆಟ್ಟಿತು, ಕಾನೂನು ಸುವ್ಯವಸ್ಥೆ ಹದಗೆಟ್ಟಿತು. ಡಾಂಬರು ಹಾಕಿದ ಮೇಲೆ "ರಸ್ತೆ ಹದಕ್ಕೆ ಬಂತು" ಎಂದು ಬರೆದ ವರದಿಗಾರನನ್ನು ನಾನಿನ್ನೂ ನೋಡಿಲ್ಲ.