ಮನೆತನದ ಯಜಮಾನಿಕೆ, ಪರರ ಹಣ

ಯಜ್ಞಕ್ಕೆ ಸ್ವಂತ ದ್ರವ್ಯವನ್ನು ವೆಚ್ಚಮಾಡುವವನಿಗೆ ನಮ್ಮ ಹಿಂದಿನವರು ‘ಯಜಮಾನ’ನೆಂದರು. ಭಾರತದ ಕೂಡುಬಂಡವಾಳದ ಕಂಪೆನಿಗಳಲ್ಲಿ ಬಹುಕಾಲ ಯಜಮಾನಿಕೆ ಒಂದು ಮನೆತನದ್ದು, ದ್ರವ್ಯ ಸಾವಿರಾರು ಜನರದು. ಮ್ಯಾನೇಜಿಂಗ್ ಏಜೆನ್ಸಿ ಎಂಬ ಕರಾರಿನ ಬಲದಿಂದ, ಅಲ್ಪ ಪಾಲುಳ್ಳ ಮನೆತನವೂ ಕಂಪೆನಿಯನ್ನಾಳಿ, ಮೇಲೆ ಕಮಿಷನ್ನನ್ನೂ ಪಡೆಯುತ್ತಿತ್ತು. ನಮ್ಮ ಗಿರಣಿಗಳೆಷ್ಟೋ ಎದ್ದುದು ಈ ಪದ್ಧತಿಯಿಂದಲೇ, ನಿಜ. 1970ರಲ್ಲಿ ಸರ್ಕಾರ ಅದನ್ನು ರದ್ದುಮಾಡಿತು. ಮನೆತನಗಳ ಹಿಡಿತ ಮಾತ್ರ ಉಳಿಯಿತು.

1992ರಲ್ಲಿ ನಮ್ಮ ಷೇರುಪೇಟೆಯ ಬಾಗಿಲು ವಿದೇಶೀ ಹೂಡಿಕೆ ಸಂಸ್ಥೆಗಳಿಗೆ ತೆರೆಯಿತು. ಹಣ ಹಾಕಿದ ಪರದೇಶದವರು ಲೆಕ್ಕ ಕೇಳದಿರುವರೆ? ಪೇಟೆಯ ಮೇಲ್ವಿಚಾರಣೆಯ ಸಂಸ್ಥೆಯಾದ ಸೆಬಿ, ಆಡಳಿತ ಮಂಡಲಿಗಳಲ್ಲಿ ಸ್ವತಂತ್ರ ನಿರ್ದೇಶಕರೂ ಇರಬೇಕೆಂದು 2000ದಲ್ಲಿ ವಿಧಿಸಿತು.

ಹೈದರಾಬಾದಿನ ಸತ್ಯಂ ಕಂಪೆನಿಯ ಪ್ರಸಂಗವನ್ನು ನೋಡಿ. ಅದರ ಷೇರು ನ್ಯೂಯಾರ್ಕಿನಲ್ಲೂ ಮಾರಾಟವಾಗುತ್ತಿತ್ತು. ಸ್ಥಾಪಕ ರಾಮಲಿಂಗ ರಾಜು ಅವರ ಮನೆತನದ ಪಾಲು ನೂರಕ್ಕೆ ಹತ್ತಕ್ಕೂ ಕಡಿಮೆ. 2008ರ ಡಿಸೆಂಬರ್ 16ರಂದು, ಅವರ ಮಕ್ಕಳು ನಡೆಸುತ್ತಿದ್ದ ಎರಡು ಕಂಪೆನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳಲು ಸತ್ಯಂ ಮಂಡಲಿ ತೀರ್ಮಾನಿಸಿತು. ಸ್ವತಂತ್ರ ನಿರ್ದೇಶಕರೂ ಒಪ್ಪಿದರು! (ಆ ಕಂಪೆನಿಗಳ ಹೆಸರು ‘ಮೇಟಾಸ್’, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ‘ಸತ್ಯಂ’ ಅನ್ನು ಹಿಂದುಮುಂದಾಗಿ ಓದಿದರೆ ಅದೇ.) ನಮ್ಮಲ್ಲಿ ರಾತ್ರಿಯಾದಾಗ ನ್ಯೂಯಾರ್ಕಿನಲ್ಲಿ ಹಗಲು. ಅಲ್ಲಿ ಷೇರಿನ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. ರಾತ್ರಿ ಕಳೆಯುವಷ್ಟರಲ್ಲಿ ತೀರ್ಮಾನವನ್ನು ಹಿಂತೆಗೆದುಕೊಂಡರು.

2009ರ ಜನವರಿ 7ರಂದು ರಾಜು ಅವರೇ ಪತ್ರ ಬರೆದರು: ಇಲ್ಲದ ಹಣವನ್ನು ವರ್ಷಗಟ್ಟಲೆ ಲೆಕ್ಕದಲ್ಲಿ ತೋರಿಸಿದ್ದಾಯಿತು, ಆ ಬರಿದನ್ನು ತುಂಬಲೆಂದೇ ಮಕ್ಕಳ ಕಂಪೆನಿಗಳನ್ನು ಕೊಳ್ಳಹೊರಟದ್ದು.